ಗುಂಡು ಸೀಸದ್ದೋ, ತಾಮ್ರದ್ದೋ? ಕಾಡುಹಂದಿಗೆ ಕೋವಿ ಎತ್ತುವ ಮುನ್ನ ಕೇಳಬೇಕಾದ ಪ್ರಶ್ನೆ

ಚೆನ್ನೈ: ಹೊಲಗಳಿಗೆ ನುಗ್ಗಿ ಬೆಳೆ ಹಾಳು ಮಾಡುವ ಕಾಡುಹಂದಿಗಳಿಗೆ ಗುಂಡಿಕ್ಕಲು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಮೀಸಲು ಅರಣ್ಯದ ಗಡಿಯಿಂದ 1 ಕಿ.ಮೀ. ಒಳಗೆ ಗುಂಡು ಹಾರಿಸುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಬಂದ ಹಂದಿಯನ್ನು ಹಿಡಿದು ಕಾಡಿಗೆ ಬಿಡಬೇಕು. 3 ಕಿ.ಮೀ. ಆಚೆಗೆ ಅರಣ್ಯ ಇಲಾಖೆಯ ತರಬೇತಿ ಪಡೆದ ಸಿಬ್ಬಂದಿ ಗುಂಡು ಹಾರಿಸಬಹುದು.

ಯಾರು ಹೊಡೆಯಬೇಕು, ಎಲ್ಲಿ ಹೊಡೆಯಬೇಕು, ರೈತನಿಗೆ ಪರಿಹಾರ ಎಷ್ಟು ಎಂಬ ಚರ್ಚೆ ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಕಡೆ ವರ್ಷಗಳಿಂದ ನಡೆದಿದೆ. ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಹಾರಿಸುವ ಗುಂಡು ಯಾವ ಲೋಹದ್ದು?

ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ. ಗುಂಡು ಸೀಸದ್ದಾದರೆ ಅದು ಪ್ರಾಣಿಯ ದೇಹದೊಳಗೆ ಚೂರುಚೂರಾಗಿ ಉಳಿಯುತ್ತದೆ. ಆ ದೇಹವನ್ನು ತಿನ್ನುವ ಹದ್ದು, ನರಿ, ನಾಯಿ, ಕೆಲವೆಡೆ ಮನುಷ್ಯರ ಹೊಟ್ಟೆಗೂ ಸೀಸ ಸೇರುತ್ತದೆ. ಇದಕ್ಕೆ ಪರ್ಯಾಯವಾಗಿ ಅಮೆರಿಕ ಮತ್ತು ಯುರೋಪಿನಲ್ಲಿ ಕಳೆದ ನಾಲ್ಕು ದಶಕಗಳಿಂದ ತಾಮ್ರದ ಗುಂಡುಗಳು ರೂಪುಗೊಂಡಿವೆ. ಅವು ಹೇಗೆ ಕೆಲಸ ಮಾಡುತ್ತವೆ? ಅವನ್ನು ಹೇಗೆ ಪರೀಕ್ಷಿಸುತ್ತಾರೆ? ನಮ್ಮ ಕೋವಿಗಳಿಗೆ ಅವು ಹೊಂದುತ್ತವೆಯೇ? ಇಲ್ಲಿದೆ ವಿವರ.

ತಾಮ್ರದ ಬಣ್ಣದ ಗುಂಡೆಲ್ಲ ತಾಮ್ರದ್ದಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ರೈಫಲ್‌ನ ತೋಟಾ ನೋಡಿದವರಿಗೆ ಅದರ ಮೊನೆ ತಾಮ್ರದ ಬಣ್ಣದಲ್ಲಿ ಹೊಳೆಯುವುದು ಗೊತ್ತು. ಆದರೆ ಅದು ಮೇಲಿನ ಹೊದಿಕೆ ಮಾತ್ರ. ಸುಮಾರು 95 ಭಾಗ ತಾಮ್ರ, 5 ಭಾಗ ಸತುವು ಬೆರೆಸಿದ ತೆಳು ಕವಚದೊಳಗೆ ಸೀಸದ ತಿರುಳು ತುಂಬಿರುತ್ತದೆ. ತೂಕದಲ್ಲಿ ಹೆಚ್ಚಿನ ಪಾಲು ಸೀಸದ್ದೇ.

ಬೇಟೆಗೆ ಬಳಸುವ ಇಂಥ ಗುಂಡಿನ ತುದಿಯಲ್ಲಿ ಕವಚ ಇರುವುದಿಲ್ಲ, ಮೆದು ಸೀಸ ಹೊರಗೆ ಕಾಣುತ್ತದೆ. ಇದನ್ನೇ ಸಾಫ್ಟ್ ನೋಸ್ ಎನ್ನುತ್ತಾರೆ. ಪ್ರಾಣಿಗೆ ತಗುಲಿದ ಕೂಡಲೇ ತುದಿ ಚಪ್ಪಟೆಯಾಗಿ ಅಣಬೆಯಂತೆ ಅರಳುತ್ತದೆ.

ಇಲ್ಲಿ ನಾವು ಮಾತನಾಡುತ್ತಿರುವ ತಾಮ್ರದ ಗುಂಡಿನಲ್ಲಿ ಒಳಗೂ ಹೊರಗೂ ಒಂದೇ ಲೋಹ. ತಿರುಳೂ ಇಲ್ಲ, ಕವಚವೂ ಇಲ್ಲ. ಒಂದು ತಾಮ್ರದ ಸಲಾಕೆಯ ತುಂಡನ್ನು ಒತ್ತಿ ಅಥವಾ ಕಡೆದು ಗುಂಡಿನ ಆಕಾರಕ್ಕೆ ತರುತ್ತಾರೆ.

ಇಷ್ಟು ಕಾಲ ಸೀಸವೇ ಏಕೆ?

ಸೀಸ ಅಗ್ಗ, ಭಾರ, ಮೆದು. ಸೌದೆ ಒಲೆಯ ಮೇಲೂ ಕರಗುತ್ತದೆ. ಕೋವಿಯ ನಳಿಗೆಯನ್ನು ಸವೆಸುವುದಿಲ್ಲ. ಕೋವಿಯ ಅಳತೆಗಳೇ ಸೀಸದಿಂದ ಹುಟ್ಟಿದವು. ನಮ್ಮ ಮಲೆನಾಡು, ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ 'ಟ್ವೆಲ್ವ್ ಬೋರ್' ಎಂಬ ಹೆಸರಿನ ಅರ್ಥ ಇಷ್ಟೇ: ಒಂದು ಪೌಂಡ್ ಸೀಸದಿಂದ ಸಮನಾದ 12 ಉಂಡೆ ಮಾಡಿದರೆ, ಅಂಥ ಒಂದು ಉಂಡೆ ಹಿಡಿಸುವಷ್ಟು ಅಗಲದ ನಳಿಗೆ.

1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಆನೆಗಳ ಎದುರು ಫೋರ್ ಬೋರ್, ಏಟ್ ಬೋರ್ ಕೋವಿಗಳನ್ನು ಬಳಸುತ್ತಿದ್ದರು. ಫೋರ್ ಬೋರ್ ಎಂದರೆ ಒಂದೊಂದು ಗುಂಡೂ ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ. ಇಂದಿನ ರೈಫಲ್ ಗುಂಡಿನ ಸುಮಾರು ಹತ್ತು ಪಟ್ಟು ತೂಕ. ಆಗ ಗುಂಡಿನ ವೇಗ ಕಡಿಮೆ ಇತ್ತು. ಹಾಗಾಗಿ ಪ್ರಾಣಿ ಬೀಳಬೇಕೆಂದರೆ ತೂಕ ಹೆಚ್ಚಿಸದೆ ಬೇರೆ ದಾರಿ ಇರಲಿಲ್ಲ.

ಯಾವ ಪ್ರಾಣಿಗೆ ಯಾವ ಗುಂಡು ಎಂಬುದು ಆ ಕಾಲದ ಶಿಕಾರಿಗಳ ನಿತ್ಯದ ಚರ್ಚೆ. ಮೈಸೂರು ಅರಣ್ಯ ಇಲಾಖೆಯಲ್ಲಿದ್ದ ಸಿ.ಇ.ಎಂ. ರಸೆಲ್ 1900ರಲ್ಲಿ ಪ್ರಕಟಿಸಿದ ಶಿಕಾರಿ ಪುಸ್ತಕದ ಹೆಸರೇ 'ಬುಲೆಟ್ ಆ್ಯಂಡ್ ಶಾಟ್' ಎಂದು ಆರಂಭವಾಗುತ್ತದೆ. ಶಿಕಾರಿಗೆ ಮಿತಿ ಹಾಕುವ ಯೋಚನೆಯೂ ಅಷ್ಟೇ ಹಳೆಯದು. ನೀಲಗಿರಿಯಲ್ಲಿ 1877ರಲ್ಲಿ ಶಿಕಾರಿಗಳದ್ದೇ ಒಂದು ಸಂಘ ಹುಟ್ಟಿತು. ಎರಡು ವರ್ಷ ಕಳೆದು ಮದ್ರಾಸ್ ಸರ್ಕಾರ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ 1879ರ ಕಾಯ್ದೆ ತಂದಿತು. ಆ ಕಾಯ್ದೆಯ ಚಿಂತೆ ಪ್ರಾಣಿಗಳ ಸಂಖ್ಯೆಯದ್ದು. ಗುಂಡಿನ ವಿಷದ ಅರಿವು ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. ಗುಂಡಿನ ವೇಗ ದಿಢೀರನೆ ಏರಿತು. ಅಷ್ಟು ವೇಗದಲ್ಲಿ ಬರಿಯ ಸೀಸ ನಳಿಗೆಯೊಳಗೇ ಉಜ್ಜಿ ಅಂಟಿಕೊಳ್ಳತೊಡಗಿದ್ದರಿಂದ ಲೋಹದ ಕವಚ ಅನಿವಾರ್ಯವಾಯಿತು. ಆದರೆ ಪೂರ್ತಿ ಕವಚದ ಗುಂಡು ದೇಹದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಸಣ್ಣ ತೂತು ಮಾಡಿ ಹೊರಟುಹೋಗುತ್ತಿತ್ತು. 1895ರ ಚಿತ್ರಾಲ್ ಕಾಳಗದ ನಂತರ ಬ್ರಿಟಿಷ್ ಸೈನ್ಯದಿಂದ ಇದೇ ದೂರು ಬಂತು. ಆಗ ಕಲ್ಕತ್ತೆಯ ಹತ್ತಿರದ ದಮ್‌ದಮ್ ಮದ್ದುಗುಂಡು ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ತುದಿಯ ಕವಚ ತೆಗೆದು ಸೀಸ ಕಾಣುವಂತೆ ಗುಂಡು ಮಾಡಿಸಿದರು. ಅದೇ ಕುಖ್ಯಾತ 'ದಮ್‌ದಮ್ ಗುಂಡು'. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು.

ಬೇಟೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ ಪ್ರಾಣಿ ಗಾಯಗೊಂಡು ತಪ್ಪಿಸಿಕೊಂಡು ದಿನಗಟ್ಟಲೆ ನರಳಬಾರದು, ಬೇಗ ಸಾಯಬೇಕು. ಅದಕ್ಕೆ ಗುಂಡು ಅರಳಲೇಬೇಕು. ಪೂರ್ಣಚಂದ್ರ ತೇಜಸ್ವಿ ಅವರ 'ಕಾಡಿನ ಕಥೆಗಳು' ಮೂಲಕ ಕನ್ನಡಿಗರಿಗೆ ಮನೆಮಾತಾದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಅವರ .405 ವಿಂಚೆಸ್ಟರ್ ರೈಫಲ್ ಕೂಡ ಸೀಸದ ತಿರುಳಿನ ಗುಂಡುಗಳ ಕಾಲದ್ದೇ.

ಗುಂಡು ಒಡೆದಾಗ ಆಗುವುದೇನು?

ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಬಂದ ಸೀಸದ ಗುಂಡು ಮೂಳೆಗೆ ತಗುಲಿದರೆ ಅರಳುವುದಷ್ಟೇ ಅಲ್ಲ, ಸಿಡಿಯುತ್ತದೆ. ಕೆಲವು ಚೂರು ಕಣ್ಣಿಗೆ ಕಾಣುತ್ತವೆ, ಬಹುಪಾಲು ಮರಳಿನ ಕಣಕ್ಕಿಂತ ಸಣ್ಣವು. ಗಾಯದಿಂದ ಎಷ್ಟೋ ದೂರದ ಮಾಂಸದೊಳಗೂ ಅವು ಹರಡಿರುತ್ತವೆ. ಗಾಯದ ಸುತ್ತಲಿನ ಮಾಂಸ ಕತ್ತರಿಸಿ ಎಸೆದರೆ ಸಾಕು ಎಂದು ಬೇಟೆಗಾರರು ಬಹುಕಾಲ ನಂಬಿದ್ದರು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಸೀಸದ ತಿರುಳಿನ ಗುಂಡಿನಿಂದ ಹೊಡೆದ 30 ಜಿಂಕೆಗಳ ದೇಹದ ಎಕ್ಸ್‌ರೇ ತೆಗೆದಾಗ ಒಂದೊಂದರಲ್ಲೂ 15ರಿಂದ 409ರವರೆಗೆ ಲೋಹದ ಚೂರುಗಳು ಕಂಡವು. ಅದೇ ಜಿಂಕೆಗಳನ್ನು ಮಾಂಸದಂಗಡಿಗಳಿಗೆ ಕೊಟ್ಟು ಖೀಮಾ ಮಾಡಿಸಿದಾಗ 234 ಪೊಟ್ಟಣಗಳಲ್ಲಿ ಮೂರನೇ ಒಂದರಷ್ಟು ಪೊಟ್ಟಣಗಳಲ್ಲಿ ಚೂರುಗಳು ಉಳಿದಿದ್ದವು. ಚೂರುಗಳಿದ್ದ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಅವುಗಳ ರಕ್ತದಲ್ಲಿ ಸೀಸದ ಪ್ರಮಾಣ ಏರಿತು.

ಒಂದು ಸರಳ ಲೆಕ್ಕ ನೋಡಿ. 11.7 ಗ್ರಾಂ ತೂಕದ ಗುಂಡು ತನ್ನ ತೂಕದ ಶೇ 30ರಷ್ಟನ್ನು ದೇಹದೊಳಗೆ ಉದುರಿಸಿದರೆ ಉಳಿಯುವ ಲೋಹ ಸುಮಾರು 3.5 ಗ್ರಾಂ. ಎಂದರೆ 35 ಲಕ್ಷ ಮೈಕ್ರೋಗ್ರಾಂ. ಮಗುವಿನ ರಕ್ತದ ಪ್ರತಿ ಡೆಸಿಲೀಟರ್‌ನಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೂ ಎಚ್ಚರ ವಹಿಸಬೇಕು ಎಂಬುದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಅನುಸರಿಸುತ್ತಿರುವ ಮಟ್ಟ. ತಿಂದ ಸೀಸವೆಲ್ಲ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೆ ಗ್ರಾಂ ಎಲ್ಲಿ, ಮೈಕ್ರೋಗ್ರಾಂ ಎಲ್ಲಿ? ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೀಸದ ಅಪಾಯ ಚೆನ್ನೈ, ಬೆಂಗಳೂರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ತಪಾಸಣೆಯಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇತ್ತು. ಚೆನ್ನೈನಲ್ಲಿ 3ರಿಂದ 7 ವರ್ಷದ 756 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಸುಮಾರು 11 ಮೈಕ್ರೋಗ್ರಾಂ ಕಂಡಿತು. ಸೀಸ ಹೆಚ್ಚಿದ್ದ ಮಕ್ಕಳಲ್ಲಿ ಚಂಚಲತೆ, ಗಮನದ ಕೊರತೆಯೂ ಹೆಚ್ಚಿತ್ತು. ಆ ಸೀಸ ಬಂದದ್ದು ಗುಂಡಿನಿಂದಲ್ಲ. ಪೆಟ್ರೋಲ್, ಬಣ್ಣ, ಹಳೆಯ ಬ್ಯಾಟರಿ ಒಡೆಯುವ ಕಸುಬು ಇಂಥ ಮೂಲಗಳಿಂದ ನಗರದ ಮಕ್ಕಳಿಗೆ ಸೀಸ ತಗುಲುತ್ತದೆ. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಪೆಟ್ರೋಲ್‌ನಿಂದ ತೆಗೆದ ವಿಷವನ್ನು ಗುಂಡಿನಲ್ಲಿ ಏಕೆ ಉಳಿಸಿಕೊಳ್ಳಬೇಕು ಎಂಬುದೇ ತಾಮ್ರದ ಗುಂಡಿನ ಪರವಾದ ವಾದ.

ಹದ್ದುಗಳ ಕಥೆ ಇನ್ನೂ ಕಠೋರ. ಅವುಗಳ ಜಠರದ ಆಮ್ಲ ಬಹಳ ತೀಕ್ಷ್ಣ. ಮನುಷ್ಯನ ಹೊಟ್ಟೆಯಲ್ಲಿ ಹಾಗೇ ಹಾದುಹೋಗಬಹುದಾದ ಸೀಸದ ಚೂರು ಅಲ್ಲಿ ಕರಗಿ ರಕ್ತ ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ರಣಹದ್ದು 1982ರ ಹೊತ್ತಿಗೆ 22ಕ್ಕೆ ಇಳಿದಿತ್ತು. ಉಳಿದವನ್ನೆಲ್ಲ ಹಿಡಿದು, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಟ್ಟರೂ ಅವು ಸಾಯುತ್ತಲೇ ಹೋದವು. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿದ್ದ ಸೀಸವೇ ಅವುಗಳ ಸಾವಿನ ಪ್ರಮುಖ ಕಾರಣ ಎಂದು ತಿಳಿದುಬಂತು.

ತಾಮ್ರದಲ್ಲಿ ಗುಂಡು ಮಾಡುವುದು ಏಕೆ ಕಷ್ಟ?

ಹಾಗಾದರೆ ಸೀಸ ತೆಗೆದು ತಾಮ್ರ ಹಾಕಿದರೆ ಮುಗಿಯಿತಲ್ಲ? ಅಷ್ಟು ಸುಲಭವಲ್ಲ. ಸೀಸ ತನ್ನ ಮೆದುತನದಿಂದ, ಭಾರದಿಂದ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ತಾಮ್ರದಲ್ಲಿ ಆಕಾರದಿಂದ ಮಾಡಿಸಬೇಕು. ವಿನ್ಯಾಸಕಾರರ ಮುಂದೆ ನಾಲ್ಕು ಮುಖ್ಯ ತೊಡಕುಗಳಿವೆ.

1. ಅರಳಿಸುವುದು ಹೇಗೆ?

ತಾಮ್ರ ಗಟ್ಟಿ. ಮೊನೆ ಹಾಗೇ ಬಿಟ್ಟರೆ ಅದು ಅರಳದೆ ಸೂಜಿಯಂತೆ ಹಾದುಹೋಗುತ್ತದೆ. ಅದಕ್ಕೆ ತುದಿಯಿಂದ ಒಳಕ್ಕೆ ಒಂದು ಪೊಳ್ಳು ಕೊರೆದು, ಅದರ ಗೋಡೆಯಲ್ಲಿ ಸೀಳುಗೆರೆಗಳನ್ನು ಮಾಡುತ್ತಾರೆ. ಗುಂಡು ದೇಹ ಹೊಕ್ಕಾಗ ಮಾಂಸದ ನೀರಿನಂಶ ಆ ಪೊಳ್ಳಿಗೆ ರಭಸದಿಂದ ನುಗ್ಗಿ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ತುದಿ ನಾಲ್ಕು ದಳಗಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬುಡ ಗಟ್ಟಿಯಾಗಿಯೇ ಮುಂದೆ ಸಾಗುತ್ತದೆ. ಪೊಳ್ಳು ಎಷ್ಟು ಆಳ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಡಿಮೆಯಾದರೆ ದಳ ತೆರೆಯದು, ಹೆಚ್ಚಾದರೆ ದಳ ಮುರಿದು ಬೀಳುತ್ತದೆ.

2. ಉದ್ದದ ಸಮಸ್ಯೆ

ಸೀಸದ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ 11.34 ಗ್ರಾಂ, ತಾಮ್ರದ್ದು 8.96 ಗ್ರಾಂ. ನಳಿಗೆಯ ಅಗಲ ಬದಲಾಗದು, ಹಾಗಾಗಿ ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು. 7.8 ಮಿ.ಮೀ. ಅಗಲದ, 11.7 ಗ್ರಾಂ ತೂಕದ ಸಾದಾ ಉರುಳೆಯನ್ನು ಸೀಸದಲ್ಲಿ ಮಾಡಿದರೆ ಉದ್ದ ಸುಮಾರು 22 ಮಿ.ಮೀ., ತಾಮ್ರದಲ್ಲಿ ಮಾಡಿದರೆ 27 ಮಿ.ಮೀ.

ಉದ್ದದ ಗುಂಡನ್ನು ಗಾಳಿಯಲ್ಲಿ ನೇರವಾಗಿ ಹಾರಿಸಲು ಹೆಚ್ಚು ವೇಗವಾಗಿ ತಿರುಗಿಸಬೇಕು. ಬುಗುರಿ ನಿಧಾನವಾದರೆ ವಾಲುವಂತೆ ಗುಂಡೂ ವಾಲುತ್ತದೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಈ ತಿರುಗುವಿಕೆ ಕೊಡುತ್ತವೆ. ಹತ್ತು ಇಂಚಿಗೆ ಒಂದು ಸುತ್ತು ಕೊಡುವ ನಳಿಗೆಯಿಂದ ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ 3,200 ಸುತ್ತು ತಿರುಗುತ್ತದೆ. ಉದ್ದಕ್ಕೂ ಸುರುಳಿಗೂ ಇರುವ ಈ ನಂಟಿಗೆ ಬ್ರಿಟನ್ನಿನ ವುಲಿಚ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗ್ರೀನ್‌ಹಿಲ್ 1879ರಲ್ಲೇ ಸೂತ್ರ ಕೊಟ್ಟಿದ್ದರು. ಹಳೆಯ ರೈಫಲ್‌ಗಳ ನಿಧಾನ ಸುರುಳಿ ಉದ್ದದ ತಾಮ್ರದ ಗುಂಡಿಗೆ ಸಾಲದು. ಅದಕ್ಕೇ ತಾಮ್ರಕ್ಕೆ ಬದಲಾಗುವವರಿಗೆ ಸ್ವಲ್ಪ ಹಗುರ ಗುಂಡು ಬಳಸಿ ಎನ್ನುವ ಸಲಹೆ. ತೂಕ ಕಡಿಮೆಯಾದರೂ ಚೂರಾಗದ ಕಾರಣ ಅದು ಆಳಕ್ಕೆ ಹೋಗುತ್ತದೆ.

3. ನಳಿಗೆಯೊಳಗಿನ ಒತ್ತಡ

ನಳಿಗೆಯ ಸುರುಳಿ ಗೆರೆಗಳು ಗುಂಡಿನ ಮೈಯನ್ನು ಕೊರೆಯುತ್ತವೆ. ಕವಚದ ಹಿಂದೆ ಮೆದು ಸೀಸವಿದ್ದರೆ ಅದು ಒತ್ತಿಗೆ ತಗ್ಗುತ್ತದೆ. ಗಟ್ಟಿ ತಾಮ್ರ ತಗ್ಗದು, ಒತ್ತಡ ಏರುತ್ತದೆ, ಉಜ್ಜಿದ ತಾಮ್ರ ನಳಿಗೆಯಲ್ಲಿ ಅಂಟಿಕೊಳ್ಳುತ್ತದೆ. ಅಮೆರಿಕದ ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ 1980ರ ದಶಕದಲ್ಲಿ ರೂಪಿಸಿದ ಮೊದಲ ಜನಪ್ರಿಯ ತಾಮ್ರದ ಗುಂಡು 'ಎಕ್ಸ್ ಬುಲೆಟ್'ಗೆ ಬಂದ ದೊಡ್ಡ ದೂರೇ ಇದು. 2003ರಲ್ಲಿ ಅದೇ ಕಂಪನಿ ಗುಂಡಿನ ಮೈಸುತ್ತ ಉಂಗುರದಂಥ ಕಾಲುವೆಗಳನ್ನು ಕೊರೆದ ಹೊಸ ಮಾದರಿ ತಂದಿತು. ನಳಿಗೆಗೆ ತಾಗುವ ಜಾಗ ಕಡಿಮೆಯಾಯಿತು, ಕೊರೆದಾಗ ಸರಿದ ಲೋಹ ಕಾಲುವೆಯಲ್ಲಿ ಕೂತಿತು. ಇಂದು ಬಹುತೇಕ ಎಲ್ಲ ಕಂಪನಿಗಳೂ ಈ ಉಪಾಯ ಬಳಸುತ್ತವೆ.

4. ದೂರ ಹೋದಂತೆ ವೇಗ ಕಡಿಮೆ

ಸೀಸದ ತುದಿ ನಿಧಾನ ವೇಗದಲ್ಲೂ ಚಪ್ಪಟೆಯಾಗುತ್ತದೆ. ಹಲವು ತಾಮ್ರದ ಗುಂಡುಗಳು ಚೆನ್ನಾಗಿ ಅರಳಲು ಸೆಕೆಂಡಿಗೆ 550ರಿಂದ 600 ಮೀಟರ್ ವೇಗವಾದರೂ ಬೇಕು. ಸಾಮಾನ್ಯ ಬೇಟೆ ರೈಫಲ್‌ನ ಗುಂಡು 300 ಮೀಟರ್ ಸಾಗುವಷ್ಟರಲ್ಲಿ ಸುಮಾರು ಕಾಲು ಭಾಗ ವೇಗ ಕಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಪೊಳ್ಳಿನ ಬಾಯಿಗೆ ಪ್ಲಾಸ್ಟಿಕ್ ಮೊನೆ ಕೂರಿಸುತ್ತಾರೆ. ಅದು ಗಾಳಿಯನ್ನು ಸೀಳಿ ವೇಗ ಉಳಿಸುತ್ತದೆ. ತಗುಲಿದಾಗ ಬೆಣೆಯಂತೆ ಒಳಕ್ಕೆ ನುಗ್ಗಿ ದಳ ಬಿಡಿಸುತ್ತದೆ.

ಪರೀಕ್ಷೆ ಹೇಗೆ ನಡೆಯುತ್ತದೆ?

ಮೊದಲನೆಯದು ಒತ್ತಡದ ಪರೀಕ್ಷೆ. ದಪ್ಪ ಗೋಡೆಯ ವಿಶೇಷ ನಳಿಗೆಯಲ್ಲಿ ತೋಟಾ ಹಾರಿಸಿ, ಒಳಗೆ ಏಳುವ ಒತ್ತಡವನ್ನು ಸಂವೇದಕದಿಂದ ಅಳೆಯುತ್ತಾರೆ. ಪ್ರತಿ ತೋಟಾಗೂ ಮೀರಬಾರದ ಮಿತಿ ಇದೆ. ಉದಾಹರಣೆಗೆ .308 ವಿಂಚೆಸ್ಟರ್‌ಗೆ ಯುರೋಪಿನ ಮಿತಿ 4,150 ಬಾರ್. ಗುಂಡಿನ ಲೋಹ ಬದಲಾದರೆ ಹಳೆಯ ಮದ್ದಿನ ಪ್ರಮಾಣವನ್ನೇ ಮುಂದುವರಿಸುವಂತಿಲ್ಲ. ಕೋವಿಯೇ ಸಿಡಿಯಬಹುದು.

ಎರಡನೆಯದು ವೇಗ ಮತ್ತು ಗುರಿ. ಗುಂಡು ಎಷ್ಟು ವೇಗದಲ್ಲಿ ಹೊರಟಿತು, ದಾರಿಯಲ್ಲಿ ಎಷ್ಟು ಕಳೆದುಕೊಂಡಿತು ಎಂಬುದನ್ನು ಕ್ರೋನೋಗ್ರಾಫ್ ಮತ್ತು ಡಾಪ್ಲರ್ ರಾಡಾರ್ ಹೇಳುತ್ತವೆ. ಒಂದೇ ಗುರಿಗೆ ಹಲವು ಗುಂಡು ಹಾರಿಸಿ ಅವು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ನೋಡುತ್ತಾರೆ. ಗುರಿಹಲಗೆಯ ತೂತು ದುಂಡಗಿರದೆ ಉದ್ದುದ್ದವಾಗಿದ್ದರೆ ಗುಂಡು ಗಾಳಿಯಲ್ಲಿ ವಾಲುತ್ತಿದೆ, ಸುರುಳಿ ಸಾಲದು ಎಂದರ್ಥ.

ಮೂರನೆಯದೇ ಮುಖ್ಯ: ಜೆಲಟಿನ್ ಪರೀಕ್ಷೆ. ಜೆಲ್ಲಿ ಮಾಡುವ ಜೆಲಟಿನ್ ಪುಡಿಯನ್ನೇ ಶೇ 10ರ ಪ್ರಮಾಣದಲ್ಲಿ ನೀರಿಗೆ ಬೆರೆಸಿ ದೊಡ್ಡ ಇಟ್ಟಿಗೆಯಂತೆ ಎರೆದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಇದು ಹೆಚ್ಚೂ ಕಡಿಮೆ ಪ್ರಾಣಿಯ ಸ್ನಾಯುವಿನಂತೆ ವರ್ತಿಸುತ್ತದೆ. ಇಟ್ಟಿಗೆ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು 4.5 ಮಿ.ಮೀ.ಯ ಸಣ್ಣ ಉಕ್ಕಿನ ಚರೆಯನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದು ಸುಮಾರು 8.5 ಸೆಂ.ಮೀ. ಒಳಹೊಕ್ಕರೆ ಮಾತ್ರ ಆ ಇಟ್ಟಿಗೆ ಪರೀಕ್ಷೆಗೆ ಯೋಗ್ಯ.

ಬಳಿಕ ನಿಜವಾದ ಗುಂಡು ಹಾರಿಸಿ ಮೂರು ಅಂಶ ದಾಖಲಿಸುತ್ತಾರೆ:

* ಎಷ್ಟು ಆಳ ಹೋಯಿತು
* ಎಷ್ಟು ಅಗಲಕ್ಕೆ ಅರಳಿತು
* ಹೊರತೆಗೆದು ತೂಗಿದಾಗ ಎಷ್ಟು ತೂಕ ಉಳಿದಿದೆ

ಒಳ್ಳೆಯ ತಾಮ್ರದ ಗುಂಡು ತನ್ನ ತೂಕದ ಶೇ 95ಕ್ಕಿಂತ ಹೆಚ್ಚನ್ನು ಉಳಿಸಿಕೊಳ್ಳುತ್ತದೆ. ಸಾದಾ ಸೀಸದ ಗುಂಡು ಕೆಲವೊಮ್ಮೆ ಅರ್ಧದಷ್ಟನ್ನೇ ಕಳೆದುಕೊಂಡಿರುತ್ತದೆ. ದೂರದ ಹೊಡೆತ ಪರೀಕ್ಷಿಸಲು 300 ಮೀಟರ್ ಆಚೆ ಇಟ್ಟಿಗೆ ಇಡಬೇಕೆಂದಿಲ್ಲ. ಮದ್ದು ಕಡಿಮೆ ಮಾಡಿ, ಅಷ್ಟು ದೂರದಲ್ಲಿ ಇರಬಹುದಾದ ವೇಗದಲ್ಲೇ ಹತ್ತಿರದಿಂದ ಹೊಡೆದು ದಳ ತೆರೆಯಿತೇ ಎಂದು ನೋಡುತ್ತಾರೆ. ಜೆಲಟಿನ್ ಮುಂದೆ ಮೂಳೆ ಇಟ್ಟೂ ಪರೀಕ್ಷಿಸುತ್ತಾರೆ.

ಆದರೆ ಜೆಲಟಿನ್ ಪ್ರಾಣಿಯಲ್ಲ. ಅಲ್ಲಿ ಚರ್ಮ, ಪಕ್ಕೆಲುಬು, ಗಾಳಿ ತುಂಬಿದ ಶ್ವಾಸಕೋಶ ಇಲ್ಲ. ಕೊನೆಯ ತೀರ್ಪು ಕಾಡಿನಲ್ಲೇ ಆಗಬೇಕು. ಗುಂಡು ತಗುಲಿದ ಮೇಲೆ ಪ್ರಾಣಿ ಎಷ್ಟು ದೂರ ಓಡಿ ಬಿತ್ತು ಎಂಬುದೇ ಅಲ್ಲಿ ಅಳತೆ. ಜರ್ಮನಿಯಲ್ಲಿ ಗಾಯಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ, ಡೆನ್ಮಾರ್ಕ್‌ನಲ್ಲಿ ಬೇಟೆಗಾರರ ದಾಖಲೆ ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೂ ಅರಳುವ ತಾಮ್ರದ ಗುಂಡು ಸೀಸದ ಗುಂಡಿಗೆ ಸರಿಸಾಟಿ ಎಂದೇ ಹೇಳಿವೆ.

ಆಕ್ಷೇಪಗಳೇನು?

ಬೆಲೆ ಹೆಚ್ಚು ಎಂಬುದು ಮೊದಲ ದೂರು. ಹಳೆಯ ಕೋವಿಗಳಿಗೆ ಹೊಂದದು ಎಂಬುದು ಎರಡನೆಯದು. ಎರಡರಲ್ಲೂ ಹುರುಳಿದೆ. ಸರಿಯಾದ ಜಾಗಕ್ಕೆ ತಗುಲದಿದ್ದರೆ ತಾಮ್ರದ ಗುಂಡು ಸೀಸದಷ್ಟು ಕ್ಷಮಿಸುವುದಿಲ್ಲ ಎಂದು ಅನುಭವಿ ಬೇಟೆಗಾರರು ಹೇಳುತ್ತಾರೆ. ಸಿಡಿಯುವ ಸೀಸ ಸುತ್ತಲಿನದ್ದನ್ನೂ ಹಾಳುಮಾಡುತ್ತದೆ, ತಾಮ್ರ ತನ್ನ ದಾರಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಒಡೆಯದ ಗುಂಡು ದೇಹ ದಾಟಿ ಹೊರಬರುವ ಸಾಧ್ಯತೆಯೂ ಹೆಚ್ಚು. ಹೀಗಾಗಿ ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇದೆಯೇ, ಮನೆ ಇದೆಯೇ ಎಂದು ನೋಡಿಯೇ ಹೊಡೆಯಬೇಕು. ಈ ಎಚ್ಚರ ಸೀಸದ ಗುಂಡಿಗೂ ತಪ್ಪಿದ್ದಲ್ಲ.

ತಾಮ್ರವೂ ವಿಷವಲ್ಲವೇ ಎಂದು ಕೇಳುವವರಿದ್ದಾರೆ. ಮನುಷ್ಯ, ಪ್ರಾಣಿಗಳ ದೇಹಕ್ಕೆ ಅಲ್ಪ ಪ್ರಮಾಣದ ತಾಮ್ರ ಬೇಕೇ ಬೇಕು. ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ನೀರಿನಲ್ಲಿ ಕರಗಿದ ತಾಮ್ರ ಮೀನು, ಪಾಚಿಗಳಿಗೆ ಕೆಟ್ಟದ್ದು ಎಂಬುದು ನಿಜ. ಆದರೆ ಒಡೆಯದೆ ಇಡಿಯಾಗಿ ಉಳಿಯುವ ಗುಂಡಿನಿಂದ ಮಾಂಸಕ್ಕೆ ಸೇರುವ ತಾಮ್ರ ತೀರಾ ಕಡಿಮೆ.

ಯಾವ ದೇಶ ಏನು ಮಾಡಿದೆ?

* ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2008ರಲ್ಲಿ ಕಾಂಡೋರ್ ಇರುವ ಪ್ರದೇಶಗಳಲ್ಲಿ ಸೀಸದ ಗುಂಡಿನ ಬೇಟೆ ನಿಲ್ಲಿಸಿತು. 2013ರ ಕಾನೂನಿನ ಮೂಲಕ 2019ರ ಜುಲೈ 1ರಿಂದ ಇಡೀ ರಾಜ್ಯಕ್ಕೆ ಅನ್ವಯಿಸಿತು.
* ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆ ನಿಷೇಧಿಸಿತ್ತು. 2024ರ ಏಪ್ರಿಲ್ 1ರಿಂದ ರೈಫಲ್ ಗುಂಡಿಗೂ ನಿಷೇಧ ಬಂತು.
* ಐರೋಪ್ಯ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ಬಳಸುವಂತಿಲ್ಲ ಎಂದಿದೆ.
* ಬ್ರಿಟನ್ 2025ರ ಜುಲೈನಲ್ಲಿ ಬೇಟೆಯ ಸೀಸದ ಚರೆ, ಗುಂಡುಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು.
* ಭಾರತವೂ ಸದಸ್ಯನಾಗಿರುವ ವಲಸೆ ಜೀವಿಗಳ ಅಂತಾರಾಷ್ಟ್ರೀಯ ಒಪ್ಪಂದದ 2014ರ ಕ್ವಿಟೊ ಸಭೆ, ಸೀಸದ ಮದ್ದುಗುಂಡು ಕೈಬಿಡುವಂತೆ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿದೆ.

ಬೇಟೆಯೇ ನಿಷಿದ್ಧ, ನಮಗೇಕೆ ಈ ಚರ್ಚೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೋಜಿನ ಬೇಟೆಗೆ ನಮ್ಮಲ್ಲಿ ಜಾಗವಿಲ್ಲ. ದೊಡ್ಡ ಪ್ರಾಣಿಗೆ ಗುಂಡು ಹಾರಿಸುವುದು ಕೊನೆಯ ದಾರಿ ಮಾತ್ರ. 2021ರ ಅಕ್ಟೋಬರ್‌ನಲ್ಲಿ ನೀಲಗಿರಿಯ ಮಸಿನಗುಡಿ, ಗುಡಲೂರು ಭಾಗದಲ್ಲಿ ಜನರನ್ನು ಕೊಂದ ಆರೋಪದ ಹುಲಿ ಟಿ23 ವಿಷಯದಲ್ಲಿ, ಕೂಡಲೇ ಕೊಲ್ಲುವುದು ಬೇಡ ಎಂದು ಮದ್ರಾಸ್ ಹೈಕೋರ್ಟ್ ಹೇಳಿತ್ತು. ಅರಿವಳಿಕೆ ಕೊಟ್ಟು ಜೀವಂತ ಹಿಡಿದ ಆ ಹುಲಿಯನ್ನು ಮೈಸೂರಿನ ಕೂರ್ಗಳ್ಳಿ ಪುನರ್ವಸತಿ ಕೇಂದ್ರಕ್ಕೆ ತಂದರು.

ಆದರೆ ಕಾಡುಹಂದಿಯ ಲೆಕ್ಕ ಬೇರೆ. ಅಲ್ಲಿ ಒಂದೆರಡು ಪ್ರಾಣಿಗಳ ಮಾತಲ್ಲ. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಅನುಮತಿ ಕೊಡುವ ಅಧಿಕಾರ ನೀಡಿತು. ಪರವಾನಗಿ ಕೋವಿ ಇರುವವರು ಹೊಡೆಯಬಹುದು, ಸತ್ತ ಹಂದಿಯನ್ನು ಹೂಳಬೇಕು. ಬಿಹಾರದಲ್ಲಿ ನೀಲ್‌ಗಾಯ್, ಕಾಡುಹಂದಿಗಳನ್ನು ಉಪದ್ರವಕಾರಿ ಎಂದು ಘೋಷಿಸಿದ ಮೇಲೆ 2016ರಲ್ಲಿ ನೂರಾರು ಪ್ರಾಣಿಗಳನ್ನು ಕೊಲ್ಲಲಾಯಿತು. ಹೊಡೆತ ತಿಂದೂ ಓಡಿಹೋದ ಹಂದಿ ಎಲ್ಲೋ ಪೊದೆಯಲ್ಲಿ ಬಿದ್ದರೆ ಹೂಳುವವರು ಯಾರು? ಅದು ನರಿ, ಹದ್ದು, ಬೀದಿನಾಯಿಗಳ ಪಾಲು.

ನಮ್ಮಲ್ಲಿ ಬಳಕೆಯಲ್ಲಿರುವ .315 ರೈಫಲ್‌ಗೆ ಸರ್ಕಾರಿ ಮದ್ದುಗುಂಡು ಕಾರ್ಖಾನೆಯಿಂದ ಬರುವುದು ಸೀಸದ ತಿರುಳಿನ ಸಾಫ್ಟ್ ನೋಸ್ ತೋಟಾ. ಟ್ವೆಲ್ವ್ ಬೋರ್ ಕೋವಿಗಳಿಗೂ ಸೀಸದ ಚರೆಯೇ. .315 ತೋಟಾ ಇಂದಿನ ವಿದೇಶಿ ಬೇಟೆ ತೋಟಾಗಳಿಗಿಂತ ನಿಧಾನ. ತಾಮ್ರದ ಗುಂಡು ಅರಳಲು ವೇಗ ಬೇಕು ಎಂದು ಮೇಲೆ ನೋಡಿದೆವು. ಹಾಗಾಗಿ ಅಮೆರಿಕದ ಗುಂಡನ್ನು ಹಾಗೇ ನಕಲು ಮಾಡಿದರೆ ಇಲ್ಲಿ ಅದು ಅರಳದೆ ಹೋಗಬಹುದು, ಪ್ರಾಣಿ ಗಾಯಗೊಂಡು ಓಡಬಹುದು. ಅಗಲ ಬಾಯಿಯ, ಆಳ ಪೊಳ್ಳಿನ, ಕಡಿಮೆ ವೇಗದಲ್ಲೇ ತೆರೆಯುವ ಗುಂಡನ್ನು ನಮ್ಮ ಕೋವಿಗೆ ತಕ್ಕಂತೆ ರೂಪಿಸಿ, ನಮ್ಮ ನಳಿಗೆಗಳಲ್ಲೇ ಒತ್ತಡ ಅಳೆದು ಪರೀಕ್ಷಿಸಬೇಕಾಗುತ್ತದೆ.

ಮುದುಮಲೆ, ಸತ್ಯಮಂಗಲ, ಬಂಡೀಪುರ, ನಾಗರಹೊಳೆ, ವಯನಾಡು ಸೇರಿದ ಕಾಡಿನ ಪಟ್ಟಿ ದಕ್ಷಿಣ ಭಾರತದ ರಣಹದ್ದುಗಳ ಕೊನೆಯ ದೊಡ್ಡ ನೆಲೆ. ಉಳಿದಿರುವುದು ನೂರರ ಲೆಕ್ಕದಲ್ಲಿ. ಇವುಗಳನ್ನು ಈ ಸ್ಥಿತಿಗೆ ತಂದದ್ದು ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕಳ್ಳದಾರಿಯಲ್ಲಿ ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಕೇಂದ್ರ ಸರ್ಕಾರ ಸೀಸೆಯನ್ನು 3 ಮಿ.ಲೀ.ಗೆ ಮಿತಿಗೊಳಿಸಿತು. ಔಷಧ ಕಂಪನಿಗಳು ಪ್ರಶ್ನಿಸಿದಾಗ 2017ರಲ್ಲಿ ಮದ್ರಾಸ್ ಹೈಕೋರ್ಟ್ ಆ ಆದೇಶ ಎತ್ತಿಹಿಡಿಯಿತು.

ಆ ಪ್ರಕರಣದ ಪಾಠ ಇಲ್ಲಿಗೂ ಹೊಂದುತ್ತದೆ. ಸತ್ತ ಪ್ರಾಣಿಯ ದೇಹದೊಳಗೆ ಏನಿದೆ ಎಂದು ಹದ್ದುಗಳು ಕುಸಿದ ಮೇಲೆ ಹುಡುಕಿದೆವು. ಆ ಹೊತ್ತಿಗೆ ಕಾಲ ಮಿಂಚಿತ್ತು. ಹಂದಿಯ ವಿಷಯದಲ್ಲಿ ಮೊದಲೇ ಕೇಳಲು ಅವಕಾಶ ಇದೆ.

ಕೇಳಬೇಕಾದ್ದು ಇಷ್ಟು

ಗುಂಡಿಕ್ಕಲು ಅನುಮತಿ ಕೊಡುವ ಯಾವ ಆದೇಶದಲ್ಲೂ ಈ ನಾಲ್ಕು ಸಾಲು ಸೇರಿಸುವುದು ಕಷ್ಟವಲ್ಲ:

* ಬಳಸುವ ಗುಂಡು ಯಾವ ಲೋಹದ್ದು?
* ಸೀಸದ್ದಾದರೆ, ಸತ್ತ ಪ್ರಾಣಿಯನ್ನು ಎಷ್ಟು ಹೊತ್ತಿನೊಳಗೆ, ಎಷ್ಟು ಆಳಕ್ಕೆ ಹೂಳಬೇಕು?
* ಗಾಯಗೊಂಡು ಓಡಿದ ಪ್ರಾಣಿಯನ್ನು ಹುಡುಕುವ ಹೊಣೆ ಯಾರದ್ದು?
* ತಾಮ್ರದ ತೋಟಾಗಳನ್ನು ಇಲಾಖೆಯ ರೈಫಲ್‌ಗಳಲ್ಲಿ ಪರೀಕ್ಷಿಸುವ ಕೆಲಸ ಎಂದು ಆರಂಭವಾಗುತ್ತದೆ?

ಬೆಳೆ ಕಳೆದುಕೊಂಡ ರೈತನ ಸಂಕಟ ದೊಡ್ಡದು, ಅವನಿಗೆ ಪರಿಹಾರ ಬೇಕೇ ಬೇಕು. ಅವನ ಹೊಲದ ಬದುವಿನಲ್ಲಿ ಬಿದ್ದ ಹಂದಿಯನ್ನು ಮೊದಲು ಮುಟ್ಟುವುದು ಅವನ ಮನೆಯ ನಾಯಿ, ನೋಡಲು ಓಡಿಬರುವುದು ಅವನ ಮನೆಯ ಮಕ್ಕಳು. ಗುಂಡಿನ ಲೋಹದ ಪ್ರಶ್ನೆ ಕಾಡಿನ ಹದ್ದಿನದ್ದು ಮಾತ್ರವಲ್ಲ, ಆ ಮನೆಯದ್ದೂ ಹೌದು.